ಹಾಲು ತೊಂಡೆ ವೈರಸ್‌ಗೆ ದೀಪ ಕಟ್ಟಿದ ಕಥೆ

ನಮ್ಮೂರು ಕನಕಪುರದ ಹತ್ತಿರ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಆ ಹುಳುವನ್ನು ಕೊಲ್ಲುವ ವೈರಸ್ ಸಾಕುತ್ತೇನೆ. ಪಿಎಚ್‌ಡಿಗೆ ಸೇರಿದಾಗ ಇದನ್ನು ಅಮ್ಮನಿಗೆ ಹೇಳಿದೆ. ಅವಳು ಮೊದಲು ಕೇಳಿದ್ದು ತಿಂಗಳಿಗೆ ಎಷ್ಟು ಕೊಡ್ತಾರೆ ಅಂತ. ಆಮೇಲೆ ಏನೂ ಕೇಳಲಿಲ್ಲ, ಹೇಳಿದಳು ಅಷ್ಟೇ: "ಹಂಗಾದ್ರೆ ಇನ್ಮೇಲೆ ಹುಳದ ಮನೆ ಒಳಗೆ ಕಾಲಿಡ್ಬೇಡ."

ತಮಾಷೆಗೆ ಹೇಳಿದ್ದಲ್ಲ. ಆ ವೈರಸ್ಸಿನಿಂದ ಬರುವ ಹಾಲು ತೊಂಡೆ ರೋಗ ತಗುಲಿ ಒಂದು ಬೆಳೆ ಪೂರ್ತಿ ಗುಂಡಿಗೆ ಹೋಗಿದ್ದನ್ನು ನಾನೇ ಚಿಕ್ಕವಳಿದ್ದಾಗ ನೋಡಿದ್ದೇನೆ. ರೋಗ ಹಿಡಿದ ಹುಳು ಜ್ವರಕ್ಕೆ ಕೂರುವುದಿಲ್ಲ. (ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರ ಅಂತಾರೆ.) ಬೇರೆ ಹುಳುಗಳೆಲ್ಲ ತಲೆ ಎತ್ತಿ ಅಲ್ಲಾಡದೆ ಕೂತಿದ್ದರೆ ಇದು ತಟ್ಟೆಯ ಅಂಚು ಹಿಡಿದು ಸುಮ್ನೆ ಸುತ್ತುತ್ತಿರುತ್ತದೆ. ಮೈ ಬಿಗಿದು ಹೊಳೆಯುತ್ತದೆ, ಗೆಣ್ಣುಗಳ ನಡುವೆ ಊದಿಕೊಳ್ಳುತ್ತದೆ. ಕೊನೆಗೆ ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಆ ಹಾಲು ಬಿದ್ದ ಸೊಪ್ಪನ್ನು ತಿಂದ ಹುಳುಗಳ ಕಥೆಯೂ ಅಷ್ಟೇ.

ಅಮ್ಮನ ಕಣ್ಣಿಗೆ ರೋಗ ಬೀಳುವ ಹೊತ್ತಿಗೆ ವೈರಸ್ ಒಳಗೆ ಹೋಗಿ ನಾಲ್ಕೈದು ದಿನ ಆಗಿರುತ್ತದೆ. ಆ ನಾಲ್ಕೈದು ದಿನ ಅದು ಎಲ್ಲಿರುತ್ತದೆ, ಯಾವ ಗಂಟೆಯಲ್ಲಿ ಏನು ಮಾಡುತ್ತಿರುತ್ತದೆ? ನನ್ನ ಥೀಸಿಸ್ಸಿನ ಪ್ರಶ್ನೆ ಇದು. ಇಂಗ್ಲಿಷಿನಲ್ಲಿ ಬರೆದಾಗ ಎರಡು ಸಾಲು ಆಗಿತ್ತು, ಅರ್ಥ ಮಾತ್ರ ಇಷ್ಟೇ.

ಈ ವೈರಸ್ ಬ್ಯಾಕ್ಯುಲೊವೈರಸ್ ಜಾತಿಯದು. ನಾವು ಲ್ಯಾಬಿನಲ್ಲಿ ಬಿಎಂಎನ್‌ಪಿವಿ ಅಂತ ಕರೆಯುತ್ತೇವೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ. ಅದರ ಡಿಎನ್‌ಎ ಒಂದು ದೊಡ್ಡ ಬಳೆ ಇದ್ದ ಹಾಗೆ, ಸುಮಾರು 1 ಲಕ್ಷ 28 ಸಾವಿರ ಅಕ್ಷರಗಳ ಉದ್ದ. ಹೆಚ್ಚೂಕಡಿಮೆ 140 ಜೀನ್‌ಗಳು. ಆದರೆ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ವೈರಸ್ ಕಾಣುವುದಿಲ್ಲ. ಪ್ರತಿ ಗಂಟೆಗೆ ಒಂದಿಷ್ಟು ಕೋಶಗಳನ್ನು ಒಡೆದು ಒಳಗಿನ ವೈರಸ್ ಡಿಎನ್‌ಎ ಅಳೆಯಬಹುದು, ಅದೇ ಹಳೇ ದಾರಿ. ಅದರಲ್ಲಿ ಸಿಗುವುದು ಸರಾಸರಿ ಲೆಕ್ಕ. ಸಾವಿರ ಕೋಶದಲ್ಲಿ ಹತ್ತಕ್ಕೆ ಜೋರಾಗಿ ಸೋಂಕಿದೆಯಾ, ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಸೋಂಕಿದೆಯಾ ಅಂತ ಗೊತ್ತಾಗುವುದಿಲ್ಲ. ಒಡೆದ ಕೋಶ ಮುಂದಿನ ಗಂಟೆಗೆ ಏನಾಗುತ್ತಿತ್ತು ಅನ್ನೋದಂತೂ ಹೋಯಿತು.

ಅದಕ್ಕೆ ಬೆಕ್ಕಿಗೆ ಗಂಟೆ ಕಟ್ಟುವ ಉಪಾಯ. ವೈರಸ್ಸಿನ ಡಿಎನ್‌ಎ ಒಳಗೆ ಬೇರೆ ಒಂದು ಜೀನ್ ಸೇರಿಸುವುದು. ವೈರಸ್ ಕೆಲಸ ಶುರುಮಾಡಿದಾಗ ಆ ಜೀನ್ ಕೂಡ ಕೆಲಸ ಮಾಡಿ ನಮಗೆ ಸುಳಿವು ಕೊಡುತ್ತದೆ. ಇದಕ್ಕೆ ರಿಪೋರ್ಟರ್ ಜೀನ್ ಅಂತ ಹೆಸರು. ನಾವು ಬಳಸಿದ್ದು ಜಿಎಫ್‌ಪಿ. 1962ರಲ್ಲಿ ಶಿಮೊಮುರಾ ಒಂದು ಲೋಳೆಮೀನಿನಿಂದ ತೆಗೆದ ಹಸಿರು ಪ್ರೋಟೀನು. 1994ರಲ್ಲಿ ಚಾಲ್ಫಿ ಅದರ ಜೀನನ್ನು ಬ್ಯಾಕ್ಟೀರಿಯಾಕ್ಕೂ ಒಂದು ಪುಟ್ಟ ದುಂಡುಹುಳುವಿಗೂ ಹಾಕಿ ಹೊಳೆಯಿಸಿ ತೋರಿಸಿದರು. 2008ರಲ್ಲಿ ಇವರಿಬ್ಬರ ಜೊತೆ ಚಿಯೆನ್ ಅವರಿಗೂ ಸೇರಿಸಿ ನೊಬೆಲ್ ಬಂತು. ಜೀನ್ ತುಂಬಾ ಚಿಕ್ಕದು, 720 ಅಕ್ಷರ. ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ, ಬೇರೇನೂ ಬೇಡ.

ಬೆಂಗಳೂರಿನಲ್ಲಿ ಇದೇನು ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ ಮಿಂಚುಹುಳಕ್ಕೆ ಬೆಳಕು ಕೊಡುವ ಲೂಸಿಫೆರೇಸ್ ಪ್ರೋಟೀನಿನ ಜೀನನ್ನು ಇದೇ ವೈರಸ್ಸಿಗೆ ಸೇರಿಸಿ, ರೇಷ್ಮೆ ಹುಳುವಿನ ಕೋಶಗಳಲ್ಲೂ ಇಡೀ ಹುಳುವಿನಲ್ಲೂ ಆ ಪ್ರೋಟೀನು ಮಾಡಿಸಿದ ಕೆಲಸ 1995ರಲ್ಲೇ ಪ್ರಕಟವಾಗಿದೆ. ನಾನು ಆಗ ಹುಟ್ಟಿಯೂ ಇರಲಿಲ್ಲ.

ಮೊದಲ ನಾಲ್ಕು ತಿಂಗಳು ಕಾಗದದಲ್ಲೇ ಹೋಯಿತು. ಜೀನ್ ಬದಲಿಸಿದ ಯಾವ ಜೀವಿಯನ್ನಾದರೂ ಇಟ್ಟುಕೊಳ್ಳಬೇಕಾದರೆ 1989ರ ನಿಯಮದ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ನೆನಪಿದೆ: "ನೀವು ಊರಿಗೆ ಹೋಗ್ತೀರಾ?" ಹೋಗ್ತೀನಿ ಅಂದೆ. "ಲ್ಯಾಬಿನಿಂದ ನೇರ?" ಇಲ್ಲ, ಸ್ನಾನ ಮಾಡಿ ಬಟ್ಟೆ ಬದಲಾಯಿಸಿ, ಮಧ್ಯೆ ಎರಡು ದಿನ ಬಿಟ್ಟು ಅಂದೆ. ಅವರು ಅದನ್ನು ಬರೆದುಕೊಂಡರು. ಅಮ್ಮನ ಕಟ್ಟಳೆ ಹೀಗೆ ಸರ್ಕಾರಿ ಕಡತಕ್ಕೆ ಸೇರಿತು.

ಇನ್ನು ದೀಪ ಕಟ್ಟುವ ಕೆಲಸ. 1 ಲಕ್ಷ 28 ಸಾವಿರ ಅಕ್ಷರದ ಬಳೆಯನ್ನು ಟೆಸ್ಟ್ ಟ್ಯೂಬಿನಲ್ಲಿ ಕತ್ತರಿಸಿ ಅಂಟಿಸುವುದು ಆಗದ ಮಾತು. ಹಿಂದಿನವರು ವೈರಸ್ ಡಿಎನ್‌ಎಯನ್ನೂ ಜೀನ್ ಇರುವ ತುಂಡನ್ನೂ ಒಟ್ಟಿಗೆ ಕೋಶಕ್ಕೆ ಹಾಕಿ, ಅವೆರಡೂ ತಾವಾಗಿ ಅದಲುಬದಲಾಗಲಿ ಅಂತ ಕಾದು, ಸಾವಿರದಲ್ಲಿ ಒಂದನ್ನು ಹುಡುಕಿ ತೆಗೆಯುತ್ತಿದ್ದರು. 1993ರಲ್ಲಿ ಅಮೆರಿಕದಲ್ಲಿ ಸುಲಭದ ದಾರಿ ಸಿಕ್ಕಿತು. ಇಡೀ ವೈರಸ್ ಡಿಎನ್‌ಎಯನ್ನು ಇ. ಕೋಲಿ ಬ್ಯಾಕ್ಟೀರಿಯಾದ ಒಳಗೆ ಇಟ್ಟುಬಿಡುವುದು. ಅದಕ್ಕೆ ಬ್ಯಾಕ್‌ಮಿಡ್ ಅಂತಾರೆ. ಅದರಲ್ಲಿ ಒಂದು ಕಡೆ ಜೀನ್ ಬಂದು ಕೂರಲು ಜಾಗ ಮಾಡಿಟ್ಟಿರುತ್ತದೆ. ರೇಷ್ಮೆ ಹುಳುವಿನ ವೈರಸ್ಸಿಗೆ 2005ರಲ್ಲಿ ಜಪಾನಿನವರು ಹಾಗೇ ಮಾಡಿದರು. ನಮಗೆ ಬೇಕಾದ ಜೀನನ್ನು ಪ್ಲಾಸ್ಮಿಡ್ ಅನ್ನುವ ಡಿಎನ್‌ಎಯ ಒಂದು ಪುಟ್ಟ ಬಳೆಯಲ್ಲಿಟ್ಟು ಆ ಬ್ಯಾಕ್ಟೀರಿಯಾಕ್ಕೆ ಕೊಟ್ಟರೆ ಸಾಕು, ಅದೇ ಹಾರಿ ಹೋಗಿ ಜಾಗದಲ್ಲಿ ಕೂರುತ್ತದೆ.

ಕೂತಿದೆಯೋ ಇಲ್ಲವೋ ಬಣ್ಣದಿಂದ ಗೊತ್ತಾಗುತ್ತದೆ. ಜಾಗ ಖಾಲಿ ಇದ್ದರೆ ಬ್ಯಾಕ್ಟೀರಿಯಾದ ಕಾಲೊನಿ (ಪ್ಲೇಟಿನ ಮೇಲೆ ಬೆಳೆದ ಚುಕ್ಕಿ) ನೀಲಿ, ಜೀನ್ ಕೂತಿದ್ದರೆ ಬಿಳಿ. ಪ್ಲೇಟನ್ನು 48 ಗಂಟೆ ಇಡಬೇಕು ಅಂತ ಬರೆದಿತ್ತು. ನಾನು 24 ಗಂಟೆಗೇ ತೆಗೆದು ನೋಡಿ, ಎಲ್ಲಾ ಬಿಳಿ ಅಂತ ಕುಣಿದೆ. ಇನ್ನೂ ನೀಲಿ ಬರುವಷ್ಟು ಹೊತ್ತೇ ಆಗಿರಲಿಲ್ಲ ಅಷ್ಟೇ. ಮಾರನೇ ದಿನ ಮುಕ್ಕಾಲು ಪಾಲು ನೀಲಿಯಾಗಿತ್ತು.

ಉಳಿದ ಬಿಳಿಯಲ್ಲಿ ಹತ್ತು ಆರಿಸಿ, ಮತ್ತೆ ಗೆರೆ ಎಳೆದು ಬೆಳೆಸಿ, ಪಿಸಿಆರ್ ಮಾಡಿದೆ, ಅಂದರೆ ಆ ಜಾಗದ ಡಿಎನ್‌ಎ ತುಂಡನ್ನು ಮಾತ್ರ ನಕಲು ಮಾಡಿ ಹೆಚ್ಚಿಸಿ ಅದರ ಉದ್ದ ನೋಡಿದೆ. ಜಾಗ ಖಾಲಿ ಇದ್ದರೆ ಜೆಲ್ಲಿನಲ್ಲಿ 300 ಅಕ್ಷರದ ಹತ್ತಿರ ಒಂದು ಚಿಕ್ಕ ಬ್ಯಾಂಡ್, ಅಂದರೆ ಗೆರೆ. ಜೀನ್ ಕೂತಿದ್ದರೆ 3 ಸಾವಿರದ ಆಸುಪಾಸು ದೊಡ್ಡ ಬ್ಯಾಂಡ್. ಎರಡೂ ಬಂದರೆ ಕಾಲೊನಿ ಕಲಬೆರಕೆ. ನನಗೆ ಹತ್ತರಲ್ಲಿ ಆರು ಕಲಬೆರಕೆ, ನಾಲ್ಕು ಸರಿ. ಆ ನಾಲ್ಕರ ಫೋಟೋ ಈಗಲೂ ಫೋನಿನಲ್ಲಿದೆ.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪು ಹೇಳಬೇಕು. ಬ್ಯಾಕ್‌ಮಿಡ್ ಡಿಎನ್‌ಎ ತೆಗೆದೆ, ರೇಷ್ಮೆ ಹುಳುವಿನ ಕೋಶಗಳಿಗೆ ಹಾಕಿದೆ. ಈ ಕೋಶಗಳು 27 ಡಿಗ್ರಿಯಲ್ಲಿ ಬೆಳೆಯುತ್ತವೆ, ಬುಡ್ಡಿಗೆ ಅರೆಬರೆ ಅಂಟಿಕೊಂಡಿರುತ್ತವೆ, ಜೋರಾಗಿ ಅಲ್ಲಾಡಿಸಿದರೆ ಎದ್ದು ಬರುತ್ತವೆ. ಮಾರನೇ ಸಂಜೆ ಕತ್ತಲ ಕೋಣೆಗೆ ಹೋಗಿ ನೀಲಿ ಬೆಳಕು ಹಾಕಿದೆ. ಕಪ್ಪು ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕಿ. ಕರೆಂಟ್ ಹೋದ ರಾತ್ರಿ ಬೇಲಿಯಲ್ಲಿ ಮಿಂಚುಹುಳ ಕಂಡ ಹಾಗೆ. ಎಣಿಸಿದೆ, ಒಂದು ನೋಟದಲ್ಲಿ ಏಳು. ಓಡಿಹೋಗಿ ನನ್ನ ಗೈಡ್ ಮೇಡಂಗೆ ಹೇಳಿದೆ, "ವೈರಸ್ ಬಂದಿದೆ!"

ಮೇಡಂ ಟೀ ಕುಡಿಯುತ್ತಿದ್ದರು. "ಎಷ್ಟು ಇವೆ?" ಏಳು. "ಚದುರಿವೆಯಾ, ಗುಂಪಾಗಿವೆಯಾ?" ಚದುರಿವೆ. "ನಾಳೆ ಬಂದು ಎಷ್ಟು ಅಂತ ಹೇಳು."

ಮಾರನೇ ದಿನವೂ ಏಳು. ಅದರ ಮಾರನೇ ದಿನ ಐದು. ಐದನೇ ದಿನ ಆ ದ್ರವವನ್ನು ತೆಗೆದು ಹೊಸ ಕೋಶಗಳ ಮೇಲೆ ಹಾಕಿದೆ. ಒಂದೂ ಹೊಳೆಯಲಿಲ್ಲ.

ಏನಾಗಿತ್ತು ಅಂದರೆ, ಜಿಎಫ್‌ಪಿ ಮುಂದೆ ನಾನು ಕಟ್ಟಿದ್ದ ಸ್ವಿಚ್ಚು ವೈರಸ್ಸಿನ ಐಇ1 ಅನ್ನುವ ಜೀನಿನದು. ಲ್ಯಾಬ್ ಭಾಷೆಯಲ್ಲಿ ಪ್ರೊಮೋಟರ್. ವೈರಸ್ ಕೋಶದೊಳಗೆ ಹೋದ ತಕ್ಷಣ ಮೊಟ್ಟಮೊದಲು ಏಳುವ ಜೀನ್ ಅದು. ಬೇಗ ಸುಳಿವು ಸಿಗಲಿ ಅಂತ ಅದನ್ನು ಆರಿಸಿದ್ದೆ. ಆದರೆ ಆ ಸ್ವಿಚ್ಚು ಹಾಕಲು ವೈರಸ್ಸೇ ಬೇಕಿಲ್ಲ, ಕೋಶದ ಸ್ವಂತ ಯಂತ್ರವೇ ಹಾಕಿಬಿಡುತ್ತದೆ. ಡಿಎನ್‌ಎ ತುಂಡು ಒಳಗೆ ಹೋದರೂ ಸಾಕು, ಕೋಶ ಹೊಳೆಯುತ್ತದೆ. ನನ್ನ ಏಳು ಚುಕ್ಕಿಗಳಲ್ಲಿ ಇದ್ದದ್ದು ಡಿಎನ್‌ಎ ತುಂಡು. ವೈರಸ್ ಹುಟ್ಟೇ ಇರಲಿಲ್ಲ.

ಯಾಕೆ ಹುಟ್ಟಲಿಲ್ಲ? ಅದೂ ನನ್ನ ಕೈಯ ಪ್ರಸಾದ. ಬೇರೆ ಪ್ಲಾಸ್ಮಿಡ್ಡುಗಳ ಅಭ್ಯಾಸದಲ್ಲಿ ಬ್ಯಾಕ್‌ಮಿಡ್ ಟ್ಯೂಬನ್ನೂ ವೋರ್ಟೆಕ್ಸ್ ಅನ್ನುವ ಅಲ್ಲಾಡಿಸುವ ಯಂತ್ರದ ಮೇಲೆ ಒತ್ತಿ ಗಿರ್ ಅನ್ನಿಸಿದ್ದೆ. ಆಮೇಲೆ ಮೈನಸ್ 20ರಲ್ಲಿ ಇಟ್ಟು, ತೆಗೆದು, ಮತ್ತೆ ಇಟ್ಟಿದ್ದೆ. ನಾಲ್ಕೈದು ಸಾವಿರ ಅಕ್ಷರದ ಪ್ಲಾಸ್ಮಿಡ್ ಅದನ್ನೆಲ್ಲ ತಡೆಯುತ್ತದೆ. ಲಕ್ಷದ ಬಳೆ ತಡೆಯುವುದಿಲ್ಲ, ಶಾವಿಗೆ ಮುರಿದ ಹಾಗೆ ಮುರಿಯುತ್ತದೆ. ಅದನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ ಕರಗಿಸಬೇಕು. ಪಿಪೆಟ್ಟಿನ ಟಿಪ್ಪಿನ ತುದಿಯನ್ನು ಕತ್ತರಿಯಲ್ಲಿ ಕತ್ತರಿಸಿ ಬಾಯಿ ಅಗಲ ಮಾಡಿಕೊಳ್ಳಬೇಕು. ಫ್ರಿಜ್ಜಿನಲ್ಲಿಡಬೇಕು, ಫ್ರೀಜರಿನಲ್ಲಿ ಅಲ್ಲ. ಇದೆಲ್ಲ ಕೈಪಿಡಿಯ ಒಂದು ಮೂಲೆಯಲ್ಲಿ ಬರೆದಿತ್ತು. ಕೈಪಿಡಿಯ ಮೂಲೆಯನ್ನು ಯಾರಾದರೂ ಮೊದಲೇ ಓದುತ್ತಾರಾ?

ಎರಡನೇ ಸಲ ನಿಧಾನಕ್ಕೆ ಮಾಡಿದೆ. ಮೊದಲ ದಿನ ಹನ್ನೊಂದು ಚುಕ್ಕಿ. ಕುಣಿಯಲಿಲ್ಲ. ನಾಲ್ಕನೇ ದಿನ ಒಂಟಿ ಚುಕ್ಕಿಗಳ ಸುತ್ತ ಮಂಕಾದ ಹಸಿರು ಕೋಶಗಳು ಕಂಡವು. ರಂಗೋಲಿಯ ಪುಡಿ ನೆಲದಲ್ಲಿ ಹರಡಿದ ಹಾಗೆ ಒಂದೊಂದು ಕಡೆ ಗುಂಪು. ಆರನೇ ದಿನ ನೋಟದ ಅರ್ಧ ಹಸಿರು. ಆ ದ್ರವವನ್ನು ಹೊಸ ಕೋಶಗಳಿಗೆ ಹಾಕಿದಾಗ ಎರಡೇ ದಿನದಲ್ಲಿ ಎಲ್ಲಾ ಹಸಿರು. ಮೇಡಂ ಬಂದು ಐಪೀಸಿನಲ್ಲಿ ನೋಡಿ, "ಈಗ ವೈರಸ್" ಅಂದರು.

ಆಮೇಲೆ ಇನ್ನೊಂದು ವೈರಸ್ ಮಾಡಿದೆ. ಅದೇ ಜಿಎಫ್‌ಪಿ, ಸ್ವಿಚ್ಚು ಮಾತ್ರ ಬೇರೆ. ವೈರಸ್ಸಿನ ಡಿಎನ್‌ಎ ಸುತ್ತಲಿನ ಕವಚದ ಪ್ರೋಟೀನು ವಿಪಿ39ರ ಪ್ರೊಮೋಟರ್. ಈ ಸ್ವಿಚ್ಚನ್ನು ಕೋಶ ಹಾಕಲಾರದು. ವೈರಸ್ ತನ್ನದೇ ಯಂತ್ರ ಕಟ್ಟಿಕೊಂಡ ಮೇಲೆ, ತನ್ನ ಡಿಎನ್‌ಎ ನಕಲು ಶುರುವಾದ ಮೇಲೆ ಮಾತ್ರ ಬೀಳುತ್ತದೆ. ಅಂದರೆ ಮೊದಲ ವೈರಸ್ "ಒಳಗೆ ಬಂದೆ" ಅನ್ನುತ್ತದೆ, ಎರಡನೆಯದು "ಮರಿ ಹಾಕಲು ಶುರುಮಾಡಿದೆ" ಅನ್ನುತ್ತದೆ. ನನಗೆ ಬೇಕಿದ್ದದ್ದು ಇವೆರಡರ ನಡುವಿನ ಅಂತರ.

ಒಂದು ರಾತ್ರಿ ಪೂರ್ತಿ ಎರಡನ್ನೂ ಅಕ್ಕಪಕ್ಕ ಇಟ್ಟು ಅರ್ಧ ಗಂಟೆಗೊಂದು ಚಿತ್ರ ತೆಗೆದೆ. ನನ್ನ ಕೈಯಲ್ಲಿ ಐಇ1 ವೈರಸ್ ಎಂಟನೇ ಗಂಟೆಗೆ ಮಸುಕಾಗಿ ಕಂಡಿತು, ವಿಪಿ39 ಹದಿನೈದನೇ ಗಂಟೆಯ ಹೊತ್ತಿಗೆ. ನಿಜವಾದ ಜೀನ್‌ಗಳು ಇದಕ್ಕಿಂತ ಮೊದಲೇ ಎದ್ದಿರುತ್ತವೆ. ಜಿಎಫ್‌ಪಿ ತಯಾರಾದ ಮೇಲೂ ಅದು ಮಡಚಿಕೊಂಡು ಬಣ್ಣ ಬರಲು ಹೊತ್ತು ಬೇಕು, ಕಣ್ಣಿಗೆ ಕಾಣುವಷ್ಟು ಗುಡ್ಡೆಯಾಗಲು ಇನ್ನಷ್ಟು. ಹಂಡೆ ನೀರು ಕಾದಿದ್ದು ಆವಿ ಕಂಡಮೇಲೆ ತಾನೇ ಗೊತ್ತಾಗುವುದು.

ಮೇಡಂ ಇಷ್ಟಕ್ಕೆ ಒಪ್ಪಲಿಲ್ಲ. ಎರಡನೆಯದು ನಕಲಿಗೇ ಕಾಯುತ್ತಿದೆ ಅಂತ ಹೇಗೆ ಹೇಳ್ತೀಯ, ಸುಮ್ನೆ ನಿಧಾನದ ಸ್ವಿಚ್ಚು ಇರಬಹುದಲ್ವಾ ಅಂದರು. ಅದಕ್ಕೆ ಡಿಎನ್‌ಎ ನಕಲನ್ನು ನಿಲ್ಲಿಸುವ ಅಫಿಡಿಕೋಲಿನ್ ಅನ್ನುವ ಔಷಧ ಹಾಕಿ ನೋಡಿದೆವು. ಐಇ1 ವೈರಸ್ ಔಷಧ ಇದ್ದರೂ ಹೊಳೆಯಿತು. ವಿಪಿ39 ವೈರಸ್ಸಿನ ತಟ್ಟೆ 48 ಗಂಟೆಯಾದರೂ ಕಪ್ಪು. ಇಡೀ ಪಿಎಚ್‌ಡಿಯಲ್ಲಿ ನನಗೆ ಅತಿ ಖುಷಿ ಕೊಟ್ಟ ಚಿತ್ರ ಆ ಕಪ್ಪು ಚೌಕ. ಪೋಸ್ಟರಿನಲ್ಲಿ ಹಾಕಿದಾಗ ಒಬ್ಬರು "ಇಲ್ಲಿ ಫೋಟೋ ಪ್ರಿಂಟ್ ಆಗಿಲ್ಲ" ಅಂದರು.

ಜಿಎಫ್‌ಪಿಯ ಇನ್ನೊಂದು ಗುಣ ಕೆಲಸ ಕೆಡಿಸುತ್ತದೆ. ಒಮ್ಮೆ ತಯಾರಾದರೆ ಒಂದು ದಿನಕ್ಕಿಂತ ಜಾಸ್ತಿ ಹಾಗೇ ಉಳಿಯುತ್ತದೆ. ಸ್ವಿಚ್ಚು ಯಾವಾಗ ಬಿತ್ತು ಅಂತ ಹೇಳುತ್ತದೆ, ಯಾವಾಗ ಆರಿತು ಅಂತ ಹೇಳುವುದಿಲ್ಲ. ಆರಿದ್ದು ತಿಳಿಯಬೇಕಾದರೆ ಬೇಗ ಕರಗುವ ಲೂಸಿಫೆರೇಸ್ ವಾಸಿ. ಅದಕ್ಕೆ ಬೇರೆ ರಾಸಾಯನಿಕ ಕೊಡಬೇಕು, ಖರ್ಚು ಜಾಸ್ತಿ. ನಮ್ಮ ಬಜೆಟ್ಟಿಗೆ ಹೊಂದಲಿಲ್ಲ. ಆ ಪ್ರಶ್ನೆಯನ್ನೇ ಥೀಸಿಸ್ಸಿನಿಂದ ತೆಗೆದೆವು.

ಇದರ ನಡುವೆ ಕಟ್ಟಿದ ದೀಪವನ್ನೇ ವೈರಸ್ ಕಳಚಿಹಾಕಿದ ಪ್ರಸಂಗವೂ ನಡೆಯಿತು. ದಾಸ್ತಾನು ಹೆಚ್ಚಿಸಲು ಒಂದು ಬುಡ್ಡಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋದೆ. ಆರನೇ ಸಲಕ್ಕೆ ಬುಡ್ಡಿಯ ಕೋಶಗಳೆಲ್ಲ ದುಂಡಗಾಗಿ ಊದಿದ್ದವು, ಸೋಂಕು ಜೋರಾಗಿಯೇ ಇತ್ತು. ನೀಲಿ ಬೆಳಕು ಹಾಕಿದರೆ ಅರ್ಧ ಮಾತ್ರ ಹಸಿರು. ನಾವು ಸೇರಿಸಿದ ಭಾಗ ವೈರಸ್ಸಿಗೆ ಸುಮ್ಮನೆ ಭಾರ. ಅದನ್ನು ಬಿಸಾಡಿದ ವೈರಸ್ ಬೇರೆಯವುಗಳಿಗಿಂತ ಹಗುರ, ಬೇಗ ಬೆಳೆದು ಬುಡ್ಡಿ ತುಂಬಿಕೊಳ್ಳುತ್ತದೆ. ಬ್ಯಾಕ್‌ಮಿಡ್ಡಿನಿಂದ ಬಂದ ವೈರಸ್‌ಗಳಲ್ಲಿ ಇದು ಮಾಮೂಲು ಅಂತ ಆಮೇಲೆ ಓದಿ ತಿಳಿಯಿತು. ಅವತ್ತಿನಿಂದ ನಮ್ಮ ಫ್ರೀಜರಿನ ಬಾಗಿಲಿಗೆ ಚೀಟಿ ಅಂಟಿಸಿದೆ: ಎರಡನೇ ದಾಟಿಗಿಂತ ಮುಂದಿನದು ಬಳಸಬೇಡಿ.

ಬುಡ್ಡಿಯ ಕೋಶ ಆಯಿತು, ಇನ್ನು ಹುಳು.

ಇಲ್ಲೊಂದು ತೊಡಕು ಮೊದಲೇ ಇತ್ತು. ಬ್ಯಾಕ್‌ಮಿಡ್ಡಿನಲ್ಲಿ ಜೀನ್ ಕೂರಲು ಜಾಗ ಮಾಡಿರುವುದು ಪಾಲಿಹೆಡ್ರಿನ್ ಅನ್ನುವ ಜೀನನ್ನು ತೆಗೆದು. ಸೊಪ್ಪಿನ ಮೇಲೆ, ಮಣ್ಣಿನಲ್ಲಿ ವೈರಸ್ ಹಾಳಾಗದೆ ಉಳಿಯುವುದು ಆ ಪ್ರೋಟೀನಿನ ಹರಳಿನೊಳಗೆ ಹುದುಗಿಕೊಂಡು. ಹಾಲು ತೊಂಡೆಯ ಹಾಲು ಬೆಳ್ಳಗಿರುವುದೇ ಆ ಹರಳುಗಳಿಂದ. ಹುಳುವಿನ ಕರುಳಿನ ಕ್ಷಾರ ತಾಗಿದಾಗ ಹರಳು ಕರಗಿ ವೈರಸ್ ಹೊರಬರುತ್ತದೆ. ಹರಳಿಲ್ಲದ ನನ್ನ ವೈರಸ್ಸನ್ನು ಸೊಪ್ಪಿಗೆ ಸವರಿ ತಿನ್ನಿಸಿದರೆ ಪ್ರಯೋಜನವಿಲ್ಲ, ಸೂಜಿಯಲ್ಲೇ ಚುಚ್ಚಬೇಕು.

ನಾಲ್ಕನೇ ಜ್ವರ ಎದ್ದ ಹುಳುಗಳನ್ನು ಐಸಿನ ಮೇಲೆ ಹತ್ತು ನಿಮಿಷ ಮಲಗಿಸಿ, ಪಕ್ಕೆಗೆ ಹತ್ತು ಮೈಕ್ರೋಲೀಟರ್ ಚುಚ್ಚಿದೆ. ಮಾರನೇ ದಿನ ಕಾಲಿನ ತುದಿ ಕತ್ತರಿಸಿ ಒಂದು ಹನಿ ರಕ್ತ ಸ್ಲೈಡಿನ ಮೇಲೆ ತೆಗೆದೆ. ತಿಳಿ ಹಳದಿ ಹನಿ. ಮೈಕ್ರೋಸ್ಕೋಪ್ ಸರಿಮಾಡುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿತು, ಇನ್ನೊಂದು ನಿಮಿಷಕ್ಕೆ ಡಿಕಾಕ್ಷನ್ ಕಪ್ಪು. ಹುಳುವಿನ ರಕ್ತ ಗಾಳಿಗೆ ಹೀಗೆ ಕಪ್ಪಾಗುತ್ತದೆ, ಗಾಯಕ್ಕೆ ಮುಚ್ಚಳ ಹಾಕುವ ಅದರ ರೀತಿ. ಕಪ್ಪಾಗುವುದನ್ನು ತಡೆಯುವ ಫಿನೈಲ್‌ಥಯೋಯೂರಿಯ ಬೆರೆಸಿದ ಟ್ಯೂಬಿಗೆ ಹನಿ ಹಿಡಿದ ಮೇಲೆ ಸರಿಹೋಯಿತು. ರಕ್ತದ ಕೋಶಗಳು ಹಸಿರು, ಕೊಬ್ಬಿನ ಪದರ ಹಸಿರು.

ಆದರೆ ಹೊಲದಲ್ಲಿ ಯಾರೂ ಹುಳುವಿಗೆ ಸೂಜಿ ಚುಚ್ಚುವುದಿಲ್ಲವಲ್ಲ. ಅಮ್ಮನ ತಟ್ಟೆಯಲ್ಲಿ ವೈರಸ್ ಬರುವುದು ಬಾಯಿಯಿಂದ. ಅದಕ್ಕೆ ಮೂರನೇ ವೈರಸ್ ಕಟ್ಟಿದೆ. ಪಾಲಿಹೆಡ್ರಿನ್ನನ್ನು ಅದರ ಸ್ವಂತ ಸ್ವಿಚ್ಚಿನ ಜೊತೆ ವಾಪಸ್ ಇಟ್ಟು, ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಐಇ1 ಜಿಎಫ್‌ಪಿ. ಹರಳೂ ಬರಬೇಕು, ಹಸಿರೂ ಬರಬೇಕು. ಇದಕ್ಕೆ ಸಮಿತಿಗೆ ಮತ್ತೆ ಅರ್ಜಿ, ಯಾಕೆಂದರೆ ಇದು ಲ್ಯಾಬಿನಾಚೆ ಬದುಕಬಲ್ಲ ವೈರಸ್. ಈ ಹುಳುಗಳ ಕೋಣೆಯಿಂದ ಸೊಪ್ಪಿನ ಕಡ್ಡಿ ಸಹಿತ ಏನೂ ಹೊರಗೆ ಹೋಗುವಂತಿಲ್ಲ. ಎಲ್ಲವೂ 121 ಡಿಗ್ರಿಯ ಆಟೋಕ್ಲೇವಿನಲ್ಲಿ ಬೆಂದೇ ಹೋಗಬೇಕು. ಬೆಂದ ಹುಳು, ಬೆಂದ ಸೊಪ್ಪು, ಆ ವಾಸನೆ ನನ್ನ ಕೋಟಿನಿಂದ ಇನ್ನೂ ಹೋಗಿಲ್ಲ.

ವೈರಸ್ ಕರುಳಿನಿಂದ ಇಡೀ ಮೈಗೆ ಹೇಗೆ ದಾಟುತ್ತದೆ ಅನ್ನುವುದಕ್ಕೆ 1994ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಒಂದು ಉತ್ತರ ಕೊಟ್ಟಿದ್ದರು. ಎಲೆಕೋಸು ತಿನ್ನುವ ಒಂದು ಹುಳುವಿನಲ್ಲಿ, ನೀಲಿ ಬಣ್ಣ ಕೊಡುವ ರಿಪೋರ್ಟರ್ ಜೀನ್ ಹಾಕಿದ ಇನ್ನೊಂದು ಬ್ಯಾಕ್ಯುಲೊವೈರಸ್ ಬಳಸಿ. ಹುಳುವಿನ ಉಸಿರಿನ ಕೊಳವೆಗಳು ಮೈಯೆಲ್ಲಾ ಬೇರಿನಂತೆ ಹರಡಿರುತ್ತವೆ, ವೈರಸ್ ಅವನ್ನೇ ದಾರಿ ಮಾಡಿಕೊಳ್ಳುತ್ತದೆ ಅಂತ ಅವರು ತೋರಿಸಿದರು. ನಮ್ಮ ಹುಳುವಿನಲ್ಲೂ ನೋಡಬೇಕು ಅಂತ ಹನ್ನೆರಡು ಗಂಟೆಗೊಮ್ಮೆ ಒಂದಿಷ್ಟು ಹುಳು ಸೀಳಿ ನೋಡುತ್ತಾ ಹೋದೆ.

ಮೊದಲ ಸಲ ಕಂಡದ್ದು ಕೆಂಪು. ಕರುಳು ಪೂರ್ತಿ ಕೆಂಡದ ಹಾಗೆ. ಹಿಪ್ಪುನೇರಳೆ ಸೊಪ್ಪಿನ ಪತ್ರಹರಿತ್ತು ನೀಲಿ ಬೆಳಕಿಗೆ ಕೆಂಪಾಗಿ ಹೊಳೆಯುತ್ತದೆ. ಕರುಳನ್ನು ಸೀಳಿ ತೊಳೆದಾಗ ಅದು ಹೋಯಿತು. ಆಮೇಲೆ ಕಂಡದ್ದು ನೋಡಿ ಮೈ ಜುಮ್ಮೆಂದಿತು. ಕರುಳಿನ ಹಿಂಭಾಗಕ್ಕೆ ಅಂಟಿದ ಸಣ್ಣ ನಾಳಗಳು, ಅಂಕುಡೊಂಕಾಗಿ, ಉದ್ದಕ್ಕೂ ಹಳದಿ ಮಿಶ್ರಿತ ಹಸಿರು. ಮ್ಯಾಲ್ಪಿಘಿ ನಾಳಗಳು, ಹುಳುವಿನ ಮೂತ್ರಪಿಂಡ ಅಂದುಕೊಳ್ಳಿ. ವೈರಸ್ ಮೊದಲು ಹೋಗುವುದು ಇಲ್ಲಿಗೆ! ಯಾರೂ ಬರೆದಿಲ್ಲ! ಎರಡು ದಿನ ನಿದ್ದೆ ಬರಲಿಲ್ಲ. ಪೇಪರಿನ ಹೆಡ್ಡಿಂಗ್ ಕೂಡ ಯೋಚಿಸಿದೆ.

ಮೂರನೇ ದಿನ ಮೇಡಂ ಕೇಳಿದರು, "ಸೋಂಕಿಲ್ಲದ ಹುಳು ನೋಡಿದ್ಯಾ?" ಕರುಳು ನೋಡಿದ್ದೆ. ನಾಳ ನೋಡಿರಲಿಲ್ಲ. ಸೀಳಿ ನೋಡಿದೆ. ಅದೇ ಹಳದಿ ಹಸಿರು, ಅಷ್ಟೇ ಜೋರಾಗಿ. ರೇಷ್ಮೆ ಹುಳು ಆ ನಾಳಗಳಲ್ಲಿ ರೈಬೋಫ್ಲೇವಿನ್ ತುಂಬಿಕೊಂಡಿರುತ್ತದೆ. ಅದೇ ಬಿ2 ವಿಟಮಿನ್, ಮಾತ್ರೆ ತಿಂದರೆ ಮೂತ್ರ ಹಳದಿ ಬರುತ್ತಲ್ಲ, ಅದು. ನೀಲಿ ಬೆಳಕಿಗೆ ಅದೂ ಹೊಳೆಯುತ್ತದೆ, ಜಿಎಫ್‌ಪಿಯ ಪಕ್ಕದ ಬಣ್ಣದಲ್ಲೇ. ಎರಡು ದಿನ ನಾನು ವಿಟಮಿನ್ ನೋಡಿ ಖುಷಿಪಟ್ಟಿದ್ದೆ.

ಈ ಕೆಲಸದಲ್ಲಿ ಕಣ್ಣಿಗೆ ಕಂಡದ್ದನ್ನೇ ನಂಬಬಾರದು ಅನ್ನುವುದು ವಿಚಿತ್ರ, ಕಣ್ಣಿಗೆ ಕಾಣಲಿ ಅಂತಲೇ ತಾನೇ ದೀಪ ಕಟ್ಟಿದ್ದು. ಆಮೇಲೆ ಜಿಎಫ್‌ಪಿಯನ್ನೇ ಹುಡುಕಿ ಅಂಟುವ ಆ್ಯಂಟಿಬಾಡಿ ಹಾಕಿ ಮತ್ತೆ ಎಲ್ಲಾ ನೋಡಿದೆ. ನಾಳಗಳು ಮೊದಮೊದಲ ಗಂಟೆಗಳಲ್ಲಿ ಖಾಲಿ. ಕರುಳಿನ ಗೋಡೆಯಲ್ಲಿ ಮಾತ್ರ ಅಲ್ಲಲ್ಲಿ ಚುಕ್ಕಿ, ಚುಕ್ಕಿಯ ಪಕ್ಕ ಉಸಿರು ಕೊಳವೆಯ ಕವಲು. ಮುಂದಿನ ಹೊತ್ತಿನ ಹುಳುವಿನಲ್ಲಿ ಆ ಕವಲಿನ ಉದ್ದಕ್ಕೂ ಹಸಿರು, ದಾರಕ್ಕೆ ಮಣಿ ಪೋಣಿಸಿದ ಹಾಗೆ. ಬರ್ಕ್ಲಿಯವರು ಹೇಳಿದ್ದೇ ನಮ್ಮಲ್ಲೂ. ಹೊಸ ಹೆಡ್ಡಿಂಗ್ ಬರಲಿಲ್ಲ. ಆ ಹೊತ್ತಿನಲ್ಲೂ ಹೊರಗಿನಿಂದ ನೋಡಿದರೆ ಹುಳು ಚೆನ್ನಾಗಿಯೇ ಸೊಪ್ಪು ತಿನ್ನುತ್ತಿತ್ತು. ಅಮ್ಮ ನೋಡಿದ್ದರೆ ಒಳ್ಳೆ ಹುಳು ಅನ್ನುತ್ತಿದ್ದಳು. ಒಳಗೆ ಆಗಲೇ ಮಣಿ ಪೋಣಿಸಿ ಮುಗಿದಿತ್ತು.

ಊರಿಗೆ ಹೋದಾಗ ಅಪ್ಪ ಕೇಳುತ್ತಾರೆ, "ಹೊಳೆಯೋದು ಸರಿ, ಹುಳ ಉಳಿಸೋದು ಯಾವಾಗ?" ಆ ಕೆಲಸ ಬೇರೆಯವರು ಮಾಡಿದ್ದಾರೆ ಅಂದೆ. ಹೈದರಾಬಾದಿನಲ್ಲಿ ಜೆ. ನಾಗರಾಜು ಅವರ ತಂಡ ವೈರಸ್ಸಿನ ನಾಲ್ಕು ಜೀನ್‌ಗಳ ಬಾಯಿ ಮುಚ್ಚಿಸುವ ರೇಷ್ಮೆ ಹುಳುವನ್ನೇ ತಯಾರಿಸಿತ್ತು, 2013ರಲ್ಲಿ ಪ್ರಕಟವಾಯಿತು. ಆ ನಾಲ್ಕರಲ್ಲಿ ನಾನು ದೀಪ ಕಟ್ಟಿದ ಐಇ1 ಕೂಡ ಒಂದು. "ಮೊಟ್ಟೆ ಎಲ್ಲಿ ಸಿಗುತ್ತೆ?" ಅಂದರು ಅಪ್ಪ. ನಾನು ಮಾತು ಬದಲಾಯಿಸಿದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಎರಡು ದಿನ ಬಿಟ್ಟು, ಸ್ನಾನ ಮಾಡಿ, ಎಲ್ಲಾ ಕ್ರಮವಾಗಿಯೇ. ಹುಳದ ಮನೆ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ಗೋಣಿಚೀಲ ಹಾಸಿದೆ. ಅದರ ಈಚೆ ನಾನು, ಆಚೆ ಅಮ್ಮ. ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನ, ಮಳೆ ಬಂದ ಹಾಗೆ ಸೊಪ್ಪು ತಿನ್ನುವ ಸದ್ದು. ಅಮ್ಮ ಒಳಗಿನಿಂದ ಬಂದು ಚಿಮಟದಲ್ಲಿ ಹಿಡಿದಿದ್ದ ಒಂದು ಹುಳುವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಕಟ್ಟಿ, ಗೋಣಿಚೀಲದ ಮೇಲಿಂದ ಚಾಚಿದಳು. ಮೈ ಬಿಗಿದು ಹೊಳೆಯುತ್ತಿತ್ತು. ಸ್ಟ್ಯಾಂಡಿನ ಅಂಚಿನಲ್ಲಿ ಓಡಾಡುತ್ತಿತ್ತಂತೆ.

"ಇದು ನಿಮ್ದಾ, ನಮ್ದಾ?" ಅಂದಳು.

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಕವರಿನ ಮೇಲೆ ಇನ್ನೆರಡು ಕವರ್ ಸುತ್ತಿ, ಡಬ್ಬಿಗೆ ಹಾಕಿ ಬೆಂಗಳೂರಿಗೆ ತಂದೆ. ಹನಿ ತೆಗೆದು ಸ್ಲೈಡಿಗೆ ಹಾಕಿದೆ. ಮಾಮೂಲು ಬೆಳಕಿನಲ್ಲಿ ನೋಟದ ತುಂಬ ಹರಳು, ಕಲ್ಲುಸಕ್ಕರೆ ಪುಡಿ ಚೆಲ್ಲಿದ ಹಾಗೆ. ಹಾಲು ತೊಂಡೆಯೇ, ಅನುಮಾನವಿಲ್ಲ. ಬೆಳಕನ್ನು ನೀಲಿಗೆ ತಿರುಗಿಸುವ ಮುಂಚೆ ಕೈ ಸ್ವಲ್ಪ ನಡುಗಿತು.

ಕಪ್ಪು. ಪಕ್ಕದಲ್ಲಿ ನನ್ನ ವೈರಸ್ಸಿನ ಸ್ಲೈಡ್ ಇಟ್ಟು ಬೆಳಕು ಸರಿಯಿದೆಯಾ ಅಂತ ನೋಡಿದೆ, ಅದು ಹೊಳೆಯಿತು. ದೀಪ ಕಳಚಿಕೊಂಡ ವೈರಸ್ಸಿನ ನೆನಪಾಗಿ ಪಿಸಿಆರ್ ಕೂಡ ಮಾಡಿದೆ. ಜಿಎಫ್‌ಪಿ ಇಲ್ಲ, ಬ್ಯಾಕ್‌ಮಿಡ್ಡಿನ ಯಾವ ಗುರುತೂ ಇಲ್ಲ. ವೈರಸ್ಸಿನ ಬ್ಯಾಂಡ್ ಮಾತ್ರ ದಪ್ಪಗೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ.

"ನಿಮ್ದೇ ಅಮ್ಮ, ನಮ್ದಲ್ಲ."

"ನಮ್ದು ಹೆಂಗಾಗುತ್ತೆ?" ಅಂದಳು ಅಮ್ಮ. "ಹೋದ ವಾರ ಸೊಪ್ಪು ಸಾಲದೆ ಪಕ್ಕದ ತೋಟದಿಂದ ತಂದಿದ್ವಿ. ಅವ್ರದಾ ನಮ್ದಾ ಅಂತ ನೋಡೋಕಾಗಲ್ವಾ ನಿನ್ ದೀಪದಲ್ಲಿ?"

ಆಗಲ್ಲ ಅಂದೆ. ಅವರ ತೋಟದ ವೈರಸ್‌ಗೆ ನಾನು ದೀಪ ಕಟ್ಟಿಲ್ಲವಲ್ಲ.